ನಿಶಾನಿ

ಭಾಲ್ಕಿ ತಹಸೀಲಿನ ದಫ್ತರಖಾನೆಯಲ್ಲಿ
ಫಸಲಿ ಸನ್ ಹನ್ನೆರಡುನೂರ ಎಪ್ಪತ್ತೊಂದು
ಕೆಂಪು ರುಮಾಲಿನ ಗಂಟಿನೊಳಗೆ ಮಲಗಿತ್ತು.
ಬಿಚ್ಚಿದರೆ ಬೇವಿನೆಲೆಯ ಪುಡಿ, ಹುಳ ತಿಂದ ಅಂಚು,
ಯಾರೋ ಹೊಲಿದು ಮರೆತ ದಬ್ಬಣ.

ನಾನು ಹುಡುಕಿ ಬಂದದ್ದು ಧೂಳಪ್ಪನನ್ನು.
ಅಜ್ಜ ಹೇಳುತ್ತಿದ್ದ: "ಕಲ್ಯಾಣದ ಕಡಿಂದ ಬಂದಾವ,
ಬಿಳಿ ಕುದುರಿ, ಸೊಂಟಕ್ಕ ಕಟಾರಿ,
ಹಳ್ಳದ ದಂಡಿ ಹನ್ನೊಂದು ಕೂರಿಗಿ ಹೊಲ
ಒಂದ ದಿನಕ್ಕ ಗೆದ್ದಾವ."
ಹೇಳುವಾಗ ಅಜ್ಜನ ಮೀಸೆಯೂ ಸವಾರಿ ಹೊರಡುತ್ತಿತ್ತು.
ನಮ್ಮಲ್ಲಿ ಹಿರಿಯ ಗಂಡುಮಗುವಿಗೆಲ್ಲ ಅದೇ ಹೆಸರು;
ನಾಲ್ಕು ಧೂಳಪ್ಪರಲ್ಲಿ ಒಬ್ಬನಿಗೂ
ಕುದುರೆ ಏರಲು ಬರುತ್ತಿರಲಿಲ್ಲ.

ತಲಾಠಿ ಬರೆದುಕೊಟ್ಟ ವಂಶಾವಳಿಯಲ್ಲಿ
ಅವನೇ ಬೇರು. ಕೆಳಗೆಲ್ಲ ಅಪ್ಪ, ಅಪ್ಪ, ಅಪ್ಪ.
ಹೆಣ್ಣುಮಕ್ಕಳ ಜಾಗದಲ್ಲಿ ಸಣ್ಣ ಗೆರೆ.
ನಾನೂ ಅಂಥದೊಂದು ಗೆರೆ, ಅಣ್ಣನ ಬಲಕ್ಕೆ.

ಕಾಗದ ಮೋಡಿಯಲ್ಲಿತ್ತು.
ಕೈಯೆತ್ತದೆ ಬರೆದ ಸಾಲು, ನನಗೆ ಬಿಡಿಸಲಾಗದ ಸಿಕ್ಕು.
ದಿಗಂಬರರಾವ ಮಾಸ್ತರರನ್ನು ಆಟೋದಲ್ಲಿ ಕರೆತಂದೆ;
ಎಂಬತ್ತಾರರ ಕಣ್ಣು, ಕನ್ನಡಕ ಸಾಲದೆ
ಮೇಲೊಂದು ಭೂತಗನ್ನಡಿ.
ಓದುವ ಮೊದಲು ಅವರು ಕಾಗದ ಮೂಸಿದರು.

"ಕಂದಾಯ ಹದಿನೇಳು ರೂಪಾಯಿ, ಕಬೂಲು.
ಹೊಲ ಕರಿ. ಬಾವಿ ಒಂದು, ಕಟ್ಟಿಲ್ಲ.
ಕುಳ ರಾಚವ್ವ."
"ಧೂಳಪ್ಪ?"
ಬೆರಳು ಹಿಂದಕ್ಕೆ ಸರಿಯಿತು, ನಿಂತಿತು.
"ಅದಾನ. ಗಂಡ ಧೂಳಪ್ಪ. ಫರಾರಿ."

ಕುದುರೆ ಇತ್ತೋ ಇಲ್ಲವೋ,
ಓಡಿದ್ದಂತೂ ನಿಜ.

ಅಡಿಯಲ್ಲಿ, ಸೈ ಇರಬೇಕಾದ ಕಡೆ, ಒಂದು ಸೊನ್ನೆ.
ಮಸಿ ಸಿಡಿದದ್ದೆಂದುಕೊಂಡೆ.
"ಸೊನ್ನಿ ಅಲ್ಲವ್ವ," ಮಾಸ್ತರರು ಗಾಜು ಸರಿಸಿದರು,
"ಒಕ್ಕಲುಮಗ ಆದ್ರ ನೇಗಿಲ ಬರೀತಿದ್ದ,
ಸಿಪಾಯಿ ಕಟಾರಿ, ಕೋಮಟಿ ತಕ್ಕಡಿ.
ಅಕ್ಷರ ಬರದ ಹೆಣಮಗಳು ಬಳಿ ಬರೀತಿದ್ಲು.
ಇದು ಬಳಿ."

ಗೆರೆ ಕೂಡುವಲ್ಲಿ ಸ್ವಲ್ಪ ತಪ್ಪಿತ್ತು.
ಟಾಕು ಹಿಡಿದದ್ದು ಅದೇ ಮೊದಲೇನೋ;
ಕುಲಕರ್ಣಿಯ ಕಟ್ಟೆಯ ಕೆಳಗೆ ನಿಂತೇ ಬರೆದಳೇನೋ,
ಕಂಕುಳಲ್ಲಿ ಎರಡನೇ ಧೂಳಪ್ಪ ರಚ್ಚೆ ಹಿಡಿದಿದ್ದನೋ.
ಇದು ಯಾವುದೂ ಕಾಗದದಲ್ಲಿಲ್ಲ.
ಸೇರಿಸುತ್ತಿರುವವಳು ನಾನು,
ಅಜ್ಜನ ಮೊಮ್ಮಗಳು.

ನಕಲು ಕೇಳಿದೆ. ಝೆರಾಕ್ಸಿನ ಹುಡುಗ ಕೊಟ್ಟ ಹಾಳೆಯಲ್ಲಿ
ಹದಿನೇಳು ರೂಪಾಯಿ ಬಂದಿತ್ತು, ಫರಾರಿ ಬಂದಿತ್ತು,
ಬಳೆ ಬಂದಿರಲಿಲ್ಲ.
"ಮಸಿ ಹಾರ್ಯಾದ ಅಕ್ಕಾ. ಕಪ್ಪು ಹೆಚ್ಚು ಮಾಡಿದ್ರ
ಹೊಲಸೆಲ್ಲ ಬರ್ತದ. ನಡೀತದೇನು?"

ನಡೀತದ ಅಂದೆ.
ಎಣ್ಣೆಯ ಕಲೆ ಬಂತು, ಹುಳದ ಸುರಂಗ, ಮಡಿಕೆಯ ಬರೆ,
ಯಾರದೋ ಹೆಬ್ಬೆರಳ ಬೆವರು,
ಕೆಳಗೆ, ಅಷ್ಟು ಕಪ್ಪಿನ ನಡುವೆ,
ತುದಿ ಕೂಡದ ಅವಳ ಬಳೆ.