ದೃಶ್ಯ ಒಂದು, ಮಂಡಕ್ಕಿ ಭಟ್ಟಿ, ನಸುಕು

ತಿಪ್ಪೇಶಿಯ ರೂಮಿನ ತಾರಸಿಯ ಮೇಲೆ
ಸೀಮೆಸುಣ್ಣದಲ್ಲಿ ಭಟ್ಟಿ ಗೀಚಿದೆವು.
ಈ ಚೌಕ ಒಲೆ. ಈ ಗೆರೆ ಗೋಡೆ.
ಬಾಗಿಲು ಅಂತ ನಾನು ಬಿಟ್ಟ ಜಾಗದಲ್ಲಿ
ಅವನು ಚಪ್ಪಲಿ ಬಿಟ್ಟ.
ಬೆಂಕಿಪೊಟ್ಟಣ ಕ್ಯಾಮೆರಾ.
ಅರ್ಧ ತಿಂದ ಮಿರ್ಚಿ ಸತ್ತವನು.
"ಹೆಣ ತಿನ್ನಬ್ಯಾಡ್ರೋ," ಅಂದಳು ಮುಬೀನಾ,
"ಕಂಟಿನ್ಯುಟಿ ಹೋಗ್ತತಿ."

ಕ್ಯಾಮೆರಾ ಸಿಗುವುದು ಒಂದೇ ದಿನ,
ಮುಹೂರ್ತವಿಲ್ಲದ ಮಂಗಳವಾರ.
ಮದುವೆ ಫೋಟೋದ ಕೊಟ್ರೇಶಣ್ಣನದು;
ಅದರ ಕಣ್ಣಿಗೆ ಅಕ್ಷತೆ ಬಿಟ್ಟು
ಬೇರೇನೂ ಬಿದ್ದು ಗೊತ್ತಿಲ್ಲ.

ನನ್ನ ತಲೆಯಲ್ಲಿದ್ದದ್ದು ಇಷ್ಟು:
ಕತ್ತಲು. ಹೊಗೆ. ಹೊಗೆ ಸೀಳುವ ಟಾರ್ಚು.
ಓಡುವ ಕಾಲು, ತಿರುಗುವ ಮುಖ,
ಗೋಡೆಯ ಮೇಲೆ ಆಳಿಗಿಂತ ದೊಡ್ಡ ನೆರಳು,
ನೆರಳಿನ ಕೈಯಲ್ಲಿ ಉದ್ದನೆಯದು ಏನೋ.
ಹದಿನಾಲ್ಕು ಚೌಕ ಬರೆದೆ ಡ್ರಾಯಿಂಗ್ ಶೀಟಿನಲ್ಲಿ,
ಹದಿನಾಲ್ಕರಲ್ಲೂ ಇದ್ದಿಲು ಸವೆಯುವಷ್ಟು ರಾತ್ರಿ.
ಮೇಷ್ಟ್ರು ನೋಡಿ
"ಕತ್ತಲು ಚೆನ್ನಾಗಿ ಬಂದಿದೆ. ಹೆದರಿಕೆ ಎಲ್ಲಿ?" ಅಂದು
ಚಹಾದ ಲೋಟ ಅದರ ಮೇಲೇ ಇಟ್ಟರು.
ಒಂಬತ್ತನೇ ಚೌಕಕ್ಕೆ ಒದ್ದೆ ಉಂಗುರ ಬಿತ್ತು.
ನಿಜ ಹೇಳಬೇಕೆಂದರೆ
ಇಡೀ ಹಾಳೆಯಲ್ಲಿ ಚೆನ್ನಾಗಿದ್ದದ್ದು ಅದೊಂದೇ.

ಜಾಗ ನೋಡಲು ಹೋದದ್ದು ಬೆಳಗಿನ ಜಾವ ನಾಲ್ಕಕ್ಕೆ.
ಓಣಿ ತುಂಬ ಸುಟ್ಟ ಹೊಟ್ಟಿನ ವಾಸನೆ,
ತಗಡಿನ ಮಾಡುಗಳಿಗೆ ವರ್ಷಗಟ್ಟಲೆಯ ಮಸಿ.
ಸೆಟ್ಟಿಗೆ ಬಣ್ಣ ಬಳಿಯುವ ಖರ್ಚು ಉಳಿಯಿತು ಅಂದುಕೊಂಡೆ,
ಅಂದುಕೊಂಡದ್ದಕ್ಕೆ ನಾಚಿದೆ.
ಒಲೆಯ ಮುಂದೆ ದಸ್ತಗೀರ್ ಚಾಚಾ.
ಕಾದ ಮರಳಿಗೆ ಅಕ್ಕಿ ಎಸೆದರೆ
ಒಂದು ಉಸಿರು ಎಳೆದು ಬಿಡುವುದರೊಳಗೆ
ಚಟಪಟ ಚಟಪಟ, ಬಾಣಲೆ ತುಂಬ ಬಿಳಿ.
ಪಕ್ಕದಲ್ಲಿ ಜರಡಿ ಹಿಡಿದ ಹುಸೇನ್‌ಬಿ
ಮರಳು ಮರಳಿಗೆ, ಮಂಡಕ್ಕಿ ಗುಡ್ಡೆಗೆ,
ನೋಡದೆಯೇ ಬೇರೆ ಮಾಡುತ್ತಿದ್ದರು.

ಕತೆ ಹೇಳಿದೆ. ಇಲ್ಲೊಂದು ಕೊಲೆ ಚಾಚಾ, ಸುಳ್ಳು ಕೊಲೆ.
"ಯಾರ್ದು?"
ಭಟ್ಟಿಯವನದು ಅನ್ನಲು ಬಾಯಿ ಬರದೆ
ಲೆಕ್ಕ ಬರೆಯುವವನದು ಅಂದೆ.
"ಹಂಗಾದ್ರ ಮಾಡ್ರಿ."
ಹುಸೇನ್‌ಬಿ ಸೆರಗಿನಲ್ಲಿ ನಕ್ಕರು.

ಓಟ, ನೆರಳು, ಟಾರ್ಚು ಎಲ್ಲ
ಕೈ ಬೀಸಿ ಬೀಸಿ ತೋರಿಸಿದೆ.
ಕೈ ನಿಲ್ಲಿಸದೆ ಕೇಳಿದರು ಚಾಚಾ.
"ಕತ್ಲಿ ನಮ್ದು ಬೇಟಿ, ಹೊಗಿನೂ ನಮ್ದು.
ಅದಕ್ಕ ಯಾರು ಅಂಜ್ತಾರ?
ಈ ಓಣಿ ಮಕ್ಳು ಸದ್ದಿಗೆ ಏಳಂಗಿಲ್ಲ.
ಸದ್ದು ನಿಂತ್ರ ಏಳ್ತಾವು.
ಒಂದಿನ ನಿಂತಿತ್ತು."
ಯಾವತ್ತು? ಯಾಕೆ?
ಅವರು ಅಕ್ಕಿ ಎಸೆದರು.
ಹುಸೇನ್‌ಬಿಯ ಜರಡಿ
ಒಂದೇ ಒಂದು ಏಟು ತಪ್ಪಿತು.

ಮತ್ತೆ ತಾರಸಿ. ಒದ್ದೆ ಬಟ್ಟೆಯಲ್ಲಿ ಭಟ್ಟಿಯನ್ನು ಒರೆಸಿದೆ.
ನೆರಳು ತೆಗಿ. ಟಾರ್ಚು ತೆಗಿ.
ಓಡುವವನನ್ನು ಮನೆಗೆ ಕಳಿಸು.
ತಿಪ್ಪೇಶಿಯ ಮುಖ ಬಾಡಿತು;
ಓಡಲೆಂದೇ ಬೂಟು ಕೊಂಡಿದ್ದ ಪಾಪ.
ಕ್ಯಾಮೆರಾ ಭಟ್ಟಿಯಲ್ಲಿಲ್ಲ, ಎದುರು ಮನೆಯಲ್ಲಿ,
ನೆಲದ ಮೇಲೆ, ಮಲಗಿದ ಹುಡುಗಿಯ ಕಿವಿಯ ಎತ್ತರಕ್ಕೆ.
ಅವಳ ಕಾಲಿನ ಮೇಲೆ ತಮ್ಮನ ಕಾಲು.
ಕಿಟಕಿಯ ಮೂರು ಸರಳು,
ಸರಳಿನಾಚೆಯಿಂದ ಬಂದು ಗೋಡೆಯ ಮೇಲೆ
ಅಲ್ಲಾಡುವ ಕೆಂಪು.
ಚಟಪಟ ಚಟಪಟ.
ನಮ್ಮ ಹೆಸರುಗಳು ಬೇಕಿದ್ದರೆ ಇಲ್ಲೇ ಬರಲಿ,
ಸಣ್ಣ ಅಕ್ಷರದಲ್ಲಿ.
ನಲವತ್ತು ಸೆಕೆಂಡು.
"ಜನ ಎದ್ದು ಹೋಗ್ತಾರೆ," ಮುಬೀನಾ.
ಹೋಗಲಿ. ಐವತ್ತು.

ಆಗ ಸದ್ದು ನಿಲ್ಲುತ್ತದೆ.
ಕೆಂಪು ಹಾಗೇ ಇದೆ.
ಕಟ್ ಇಲ್ಲ, ಸಂಗೀತ ಇಲ್ಲ.
ಹುಡುಗಿ ಕಣ್ಣು ತೆರೆಯುತ್ತಾಳೆ.

"ಹಂಗಾದ್ರ ಹೆಣ ಬ್ಯಾಡಲ್ಲ," ಅಂದ ತಿಪ್ಪೇಶಿ
ಅವತ್ತಿನ ಮಿರ್ಚಿ ಬಾಯಿಗೆ ಹಾಕಿಕೊಂಡ.
ಹಾಳೆಯಲ್ಲಿ ಈಗ ಎರಡೇ ಚೌಕ,
ಎರಡರ ನಡುವೆ ಏನೂ ಬರೆಯದ ಒಂದು ಬೆರಳು ಜಾಗ.

ನಾಳೆ ಮಂಗಳವಾರ.
ಐವತ್ತನೇ ಸೆಕೆಂಡಿಗೆ ಕೈ ನಿಲ್ಲಿಸಿ ಚಾಚಾ, ಅಂತ
ಅವರಿಗೆ ಹೇಳಬೇಕಾದವಳು ನಾನು.
ಇನ್ನೂ ಹೇಳಿಲ್ಲ.