ಸಾಣೆಕಲ್ಲಿನ ಪಕ್ಕ ಎರಡು ಕಪ್ಪು ಕೋಳಿ

ವರ್ಮಾಂಟಿನ ಗುಡ್ಡದೋರೆಯ ನಮ್ಮ ಹುಲ್ಲುಗಾವಲಿಗೆ
ಚಿತ್ರ ಬರೆಯುವವನೊಬ್ಬ ಬಂದ.
ಜುಲೈ ತಿಂಗಳು. ಹುಲ್ಲು ನನ್ನ ಎದೆಮಟ್ಟ,
ಅರ್ಧ ಕೊಯ್ದಾಗಿತ್ತು.
ಅಪ್ಪ ಕುಡುಗೋಲು ಮಸೆಯುತ್ತಿದ್ದ,
ನಾನು ಸಾಣೆಕಲ್ಲಿನ ಹಿಡಿ ತಿರುಗಿಸುತ್ತಿದ್ದೆ,
ತೂತುಬಿದ್ದ ತಗಡಿನ ಡಬ್ಬಿಯಿಂದ
ಕಲ್ಲಿನ ನೆತ್ತಿಗೆ ಹನಿ, ಹನಿ.

"ಹಾಗೇ ಇರಿ," ಅಂದ. "ಅಲುಗಬೇಡಿ."

ಕೆಲಸದ ಚಿತ್ರಕ್ಕಾಗಿ ಕೆಲಸ ನಿಂತಿತು.
ಅಪ್ಪನಿಗೆ ದಿನಕ್ಕೆ ಅರ್ಧ ಡಾಲರು,
ಮಸೆಯುವವನಂತೆ ನಿಲ್ಲುವುದಕ್ಕೆ.
"ನಮ್ಮ ಹೇಸರಗತ್ತೆಯೂ ಚೆನ್ನಾಗಿ ನಿಲ್ಲುತ್ತದೆ, ಕರೆತರಲೇನಪ್ಪ?"
ಬೇಲಿಯಾಚೆಯಿಂದ ಜೇಡಕ್ ಪರ್ಹ್ಯಾಮನ ನಗೆ.

ಆ ವರ್ಷ ನನಗೆ ಬೂಟು ಬಂದಿತ್ತು.
ಅಣ್ಣಂದಿರು ಸವೆಸಿ ಬಿಟ್ಟದ್ದಲ್ಲ;
ಊರೂರು ತಿರುಗುವ ಚಮ್ಮಾರ
ನಮ್ಮ ಅಡುಗೆಮನೆಯಲ್ಲೇ ಕೂತು
ನನ್ನ ಕಾಲಿಗೇ ಅಳೆದು ಹೊಲಿದದ್ದು.
ಹೆಜ್ಜೆಯಿಟ್ಟರೆ ಕಿರ್ ಅನ್ನುತ್ತಿತ್ತು.
ಅನ್ನಲಿ ಎಂದೇ ಹೆಜ್ಜೆಯಿಡುತ್ತಿದ್ದೆ.

"ಬಿಚ್ಚು ಮಗೂ," ಅಂದ ಚಿತ್ರಗಾರ,
"ಹುಲ್ಲಿನಲ್ಲಿ ಬರಿಗಾಲು ಎಷ್ಟು ಚೆಂದ."
ಅಪ್ಪನ ಮುಖ ನೋಡಿದೆ.
ಅಪ್ಪ ಅಲುಗುವಂತಿರಲಿಲ್ಲ.

ಬಿಚ್ಚಿದೆ. ಕೂಳೆ ಅಂಗಾಲಿಗೆ ಚುಚ್ಚಿತು.

ಮೂರನೆಯ ಮಧ್ಯಾಹ್ನ ಪಡುವಣ ಬೆಟ್ಟದ ಮೇಲೆ
ಮೋಡ ಹೆಪ್ಪುಗಟ್ಟಿತು. ಅಪ್ಪ ಕಣ್ಣಲ್ಲೇ ಅಳೆದ.
ಚಿತ್ರದಲ್ಲಿ ಮೋಡಕ್ಕೆ ಜಾಗವಿರಲಿಲ್ಲ.
ಒಣಹಾಕಿದ್ದಷ್ಟೂ ನೆಂದು ಕಪ್ಪಾಯಿತು,
ಆ ಚಳಿಗಾಲವೆಲ್ಲ ಹಾಲಿಗೆ ಮುಗ್ಗಲು ವಾಸನೆ.
ಸೋಸುವಾಗೆಲ್ಲ ಅಮ್ಮ "ಒಂದೂವರೆ ಡಾಲರು" ಅನ್ನುವಳು,
ಬೇರೇನೂ ಇಲ್ಲ, ಅಷ್ಟೇ.

ಹದಿನೇಳು ವರ್ಷದ ಮೇಲೆ, ಅಪ್ಪ ಮಣ್ಣಾದ ಮೇಲೆ,
ಬ್ರ್ಯಾಟಲ್‌ಬರೊದಲ್ಲಿ ಮೊಳೆ ಕೊಳ್ಳಲು ಹೋದರೆ
ಅಂಗಡಿಯ ಗೋಡೆಯಲ್ಲಿ ನಾವು!
ಬಣ್ಣದ ಅಚ್ಚು, ಕೆಳಗೆ 'ಸುಗ್ಗಿಯ ಸುಖ' ಎಂದು ಹೆಸರು.
ಅಪ್ಪನ ಬೆನ್ನು ನೆಟ್ಟಗೆ. ಆಕಾಶ ತೊಳೆದಿಟ್ಟ ತಟ್ಟೆ.
ನನ್ನ ಪಾದ ಬೆಳ್ಳಗೆ, ಯಾವ ಹುಡುಗಿಯದೋ.
ಡಬ್ಬಿಯ ಹನಿಯೊಂದು ಸರಿಯಾಗಿತ್ತು,
ಇನ್ನೂ ಬಿದ್ದಿರಲಿಲ್ಲ.

"ಪಾಪ, ಬರಿಗಾಲ ಕೂಸು," ಅಂದಳು ಗಿರಾಕಿಯೊಬ್ಬಳು,
"ಆ ಕೋಳಿ ನೋಡಿ, ಎಷ್ಟು ಸಾಧು!
ಎರಡೂ ಅವಳ ಪಕ್ಕದಲ್ಲೇ ಮುದುಡಿ ಕೂತಿವೆ."

ಕೋಳಿ?
ಹತ್ತಿರ ಹೋದೆ.
ಕಲ್ಲಿನ ನೆರಳಲ್ಲಿ, ಕಪ್ಪಗೆ,
ಕತ್ತು ಒಂದರತ್ತ ಒಂದು ವಾಲಿಸಿ...
ಬರೆದಿದ್ದ ಹಾಗಾದರೆ, ಆ ಮಹರಾಯ.
ಅಚ್ಚು ಕೊರೆದ ಪಟ್ಟಣದ ಪುಣ್ಯಾತ್ಮ
ಕೊಕ್ಕು ಅಂಟಿಸಿದ್ದ.

ಮೊಳೆ ತೂಗಿಸಿಕೊಂಡೆ.
ಬಾಗಿಲವರೆಗೂ ಹೆಜ್ಜೆಯೂರಿ ನಡೆದೆ.
ಈಗಿನ ಬೂಟು ಸದ್ದು ಮಾಡುವುದಿಲ್ಲ.