ಒಬ್ಬರಿಗೆ ಒಂದೇ

ದುರ್ಗಿಗುಡಿಯ ನನ್ನ ಅಂಗಡಿಯ ಗಾಜಿನ ಮೇಲೆ
ಕುಂಸಿಯ ಹುಡುಗ ಮೊಬೈಲು ಮಲಗಿಸಿದ
ನಾಡಿ ನೋಡಿ ಎಂಬಂತೆ.
‘ಇದೇ ರ‍್ಯಾಮು, ಇದೇ ಕಂಪನಿ. ಇಷ್ಟಕ್ಕೆ ಕೊಡ್ತೀರಾ?’

ನೋಡಿದೆ. ನಾನು ತಂದ ಬೆಲೆಗಿಂತ
ನೂರಾ ಎಪ್ಪತ್ತು ಕಡಿಮೆ.
ಖರೀದಿ ಬಿಲ್ಲು ತೋರಿಸಲೇ? ಬೇಡ,
ವ್ಯಾಪಾರಿಯ ಬಿಲ್ಲನ್ನು ಯಾರು ನಂಬುತ್ತಾರೆ.

‘ನಾಳೆ ಕೆಟ್ಟರೆ ಯಾರ ಬಾಗಿಲು ತಟ್ತೀಯ?’
‘ನಿಮ್ಮದೇ ಸಾರ್’ ಅಂದ. ನಗಲಿಲ್ಲ.
ನಿಜವನ್ನೇ ಹೇಳಿದ್ದ:
ಹೋದ ತಿಂಗಳು ಎಲ್ಲಿಂದಲೋ ತರಿಸಿದ ಫ್ಯಾನು
ಕೂರಿಸಿಕೊಟ್ಟವನು ನಾನು,
ನಾಲ್ಕು ಸ್ಕ್ರೂ ಕೂಡ ನನ್ನವೇ.

ಕೊಟ್ಟೆ.
ಗಂಟೆ ನಾಲ್ಕಾಗಿತ್ತು, ಬೋಣಿ ಆಗಿರಲಿಲ್ಲ.

ರಾತ್ರಿ ಷಟರು ಅರ್ಧ ಎಳೆದು
ಅವನು ತೋರಿಸಿದ್ದನ್ನೇ ಹುಡುಕಿದೆ.
ಹತ್ತು ಬೇಕೆಂದು ಒತ್ತಿದರೆ
‘ಒಬ್ಬರಿಗೆ ಒಂದೇ’ ಎಂದಿತು.
ನನ್ನ ಹೆಸರಿಗೊಂದು.
ಹೇಮಾವತಿ ಹೆಸರಿಗೊಂದು, ಅವಳಿಗೆ ಗೊತ್ತಿಲ್ಲದೆ.
ಆಮೇಲೆ ಹೊಸನಗರಕ್ಕೆ, ದುಗ್ಗಪ್ಪ ಭಾವನಿಗೆ ಫೋನು:
‘ನಿಮ್ಮ ಮನೆಗೊಂದು ಸಣ್ಣ ಪೊಟ್ಟಣ ಬರ್ತದೆ,
ಒಡೀಬೇಡಿ, ಬಸ್ಸಿಗೆ ಹಾಕಿ ಕಳಿಸಿ.’

‘ಎಂಥದು ಮಾರಾಯ?’
‘ರ‍್ಯಾಮು. ಅಂದ್ರೆ ಕಂಪ್ಯೂಟರಿನ ನೆನಪು.’
ಭಾವ ಸ್ವಲ್ಪ ಹೊತ್ತು ಸುಮ್ಮನಿದ್ದರು.
‘ಅಲ್ಲ, ಅದು ನಿನ್ನ ಅಂಗಡೀಲೇ ಸಿಗ್ತದಲ್ಲ?’